ಓಟಗಾರನ ಬಿಡುವು

ಸುರಪುರದ ಕಡೆಯ ನನ್ನ ವಿದ್ಯಾರ್ಥಿಯೊಬ್ಬನು ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಗೆ ಸಿದ್ಧನಾಗುತ್ತಿದ್ದನು. 1,600 ಮೀಟರ್ ದೂರವನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು. ವಯೋಮಿತಿ ಮೀರುವ ಮುನ್ನ ದೊರೆತ ಕೊನೆಯ ಅವಕಾಶವದು. ಮೊದಲ ಎರಡು ತಿಂಗಳು ಅವನ ವೇಗ ಹೆಚ್ಚುತ್ತಲೇ ಬಂದಿತು, ಆಮೇಲೆ ಕುಗ್ಗತೊಡಗಿತು. ಕುಗ್ಗಿದಷ್ಟೂ ಅವನು ಓಟವನ್ನು ಬೆಳೆಸಿದನು. ಸಂಜೆಯೂ ಓಡಿದನು, ಭಾನುವಾರವೂ ಓಡಿದನು. ರಾತ್ರಿ ನಿದ್ರೆಯಿಲ್ಲ, ಊಟ ರುಚಿಸದು, ಸಣ್ಣ ಮಾತಿಗೂ ಸಿಡುಕು. “ಇನ್ನೂ ಸಾಲಂಗಿಲ್ಲ ಸರ” ಎಂಬುದೊಂದೇ ಅವನ ಪಲ್ಲವಿ. ನಾನೂ ಮೇಷ್ಟರಲ್ಲವೇ? ಕಷ್ಟಕ್ಕೆ ಫಲವುಂಟೆಂದು ಬೆನ್ನು ತಟ್ಟಿದೆನು.

ರೋಗವನ್ನು ಗುರುತಿಸಿದವರು ಅವನ ತಂದೆ. “ನೀರು ಜಾಸ್ತಿ ಆದ್ರ ಹೊಲಾನೂ ಕೆಡ್ತದ ಮಾಸ್ತರ” ಎಂದರು. ಅನುಭವದ ಮಾತು. ನಾರಾಯಣಪುರದ ಬಸವಸಾಗರದಿಂದ ಕಾಲುವೆ ಬಂದಾಗ ಸುರಪುರ, ಶಹಾಪುರಗಳ ಒಣಭೂಮಿ ನಕ್ಕಿತು. ಆದರೆ ನೀರು ಒಳ್ಳೆಯದೆಂದು ಮೇಲಿಂದ ಮೇಲೆ ಹಾಯಿಸಿದ ಕಡೆ, ಬಸಿದುಹೋಗಲು ದಾರಿಯಿಲ್ಲದೆ, ಎಷ್ಟೋ ಹೊಲಗಳು ಸವಳು-ಜವಳಾದವು.

ದೇಹದ ಧರ್ಮವೂ ಇದೇ. ಓಟವು ಸ್ನಾಯುವನ್ನು ದಣಿಸುತ್ತದೆ. ಅದು ಬಲಿಯುವುದು ಅನಂತರದ ಅನ್ನದಲ್ಲಿ, ನಿದ್ರೆಯಲ್ಲಿ. ಬಿಡುವು ತಪ್ಪಿದರೆ ದಣಿವು ಮಾತ್ರ ಉಳಿಯುತ್ತದೆ. ಸಾಮಾನ್ಯ ಆಯಾಸ ಕೆಲವು ದಿನಗಳಲ್ಲಿ ಹೋಗುವುದು. ಅತಿಸಾಧನೆಯ ಬಳಲಿಕೆ ವಾರಗಳನ್ನು, ಒಮ್ಮೊಮ್ಮೆ ತಿಂಗಳುಗಳನ್ನೇ ಬೇಡುವುದು.

ಮುನ್ಸೂಚನೆಗಳನ್ನು ಮನೆಯವರೂ ಗಮನಿಸಬಹುದು. ಎಷ್ಟು ಶ್ರಮಿಸಿದರೂ ಇಳಿಯುವ ವೇಗ, ಮತ್ತೆ ಮತ್ತೆ ಬರುವ ನೆಗಡಿ, ಕೆಟ್ಟ ನಿದ್ರೆ, ಬತ್ತಿದ ಉತ್ಸಾಹ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುನ್ನ ನಾಡಿಯನ್ನೆಣಿಸಿ ಬರೆದಿಡುವುದು ಒಳ್ಳೆಯ ಅಭ್ಯಾಸ. ಎಂದಿಗಿಂತ ಏಳೆಂಟು ಬಡಿತ ಹೆಚ್ಚಾಗಿ, ಹಲವು ದಿನ ಹಾಗೆಯೇ ನಿಂತರೆ ಎಚ್ಚರ ಬೇಕು. ಆದರೆ ನಾಡಿಯೊಂದೇ ಸಾಕ್ಷಿಯಲ್ಲ. ರಕ್ತಹೀನತೆ, ಥೈರಾಯ್ಡ್ ತೊಂದರೆಗಳೂ ಇದೇ ವೇಷದಲ್ಲಿ ಬರುವುದರಿಂದ ವೈದ್ಯರಲ್ಲಿ ಹೋಗುವುದು ಲೇಸು.

ತಡೆಯುವ ದಾರಿ ಸರಳ. ಕಠಿಣ ಓಟದ ಮರುದಿನ ಹಗುರ ಓಟ. ವಾರಕ್ಕೊಂದು ದಿನ ಪೂರ್ಣ ವಿಶ್ರಾಂತಿ. ದೂರವನ್ನು ಮೆಲ್ಲಗೆ ಏರಿಸುವುದು. ಹೊಟ್ಟೆ ತುಂಬ ರೊಟ್ಟಿ, ಬೇಳೆ. ಬೇಸಗೆಯ ಬಿಸಿಲು 40 ಡಿಗ್ರಿ ದಾಟುವ ಯಾದಗಿರಿ ಸೀಮೆಯಲ್ಲಿ ಸೆಖೆಯೂ ಒಂದು ಹೊರೆಯೆಂದು ಎಣಿಸಬೇಕು.

ಹುಡುಗನಿಗೆ ಆ ಅವಕಾಶ ಕೈತಪ್ಪಿತು. ಚೇತರಿಸಿಕೊಳ್ಳಲು ಮೂರು ತಿಂಗಳು ಹಿಡಿಯಿತು. ಈಗ ಬೇರೆ ಪರೀಕ್ಷೆಗೆ ಓದುತ್ತಿದ್ದಾನೆ, ಸಂತೋಷಕ್ಕಾಗಿ ಓಡುತ್ತಾನೆ. ಶಹಾಪುರದ ಬೆಟ್ಟಸಾಲು ದೂರಕ್ಕೆ ಮಲಗಿದ ಬುದ್ಧನಂತೆ ಕಾಣುತ್ತದೆಂಬುದು ನಮ್ಮವರಿಗೆಲ್ಲ ಗೊತ್ತು. ಆ ದಾರಿಯಲ್ಲಿ ಹೋಗುವಾಗಲೆಲ್ಲ, “ಇವತ್ತು ಮಲಗಿಕೋ ಮಗೂ” ಎಂದು ನಾನು ಅಂದೇ ಹೇಳಬಾರದಿತ್ತೆ ಎನಿಸುತ್ತದೆ.