ಕೆರೆ ಪಾರ್ಕಿನಲ್ಲಿ ಗೆರೆ ಎಳೆಯೋರು ಯಾರು?



ಶಿರಾ ಗೇಟ್ ಕಡೆಯಿಂದ ಅಮಾನಿಕೆರೆಗೆ ಯಾರ್ಯಾರು ಹೋಗ್ತಾರೆ? ವಾಕಿಂಗಿನವರು, ಸರಿ. ಹಾಸ್ಟೆಲಿನ ಗದ್ದಲದಲ್ಲಿ ಓದಲಾಗದೆ ಪುಸ್ತಕ ಹಿಡಿದು ಹೋಗುವ ನಾವೂ ಇದ್ದೇವೆ. ಕಡ್ಲೆಕಾಯಿ ಮಾರುವ ಅವ್ವ ಇದ್ದಾಳೆ. ನೆರಳಿನಲ್ಲಿ ಬೆನ್ನು ಚಾಚುವ ಕೂಲಿಯವನಿದ್ದಾನೆ.

2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು, ಆಮೇಲೆ ಕೆರೆಯಂಗಳಕ್ಕೂ ಹೊಸ ರೂಪ ಬಂತು. ಇಂಥ ಕಡೆ ದೋಣಿಗಿಷ್ಟು, ನಡೆಯೋಕಿಷ್ಟು, ತಿಂಡಿಗಿಷ್ಟು ಅಂತ ನಕ್ಷೆಯಲ್ಲಿ ಗೆರೆ ಬೀಳುತ್ತದೆ. ಓದೋಕೆಷ್ಟು? ಸುಮ್ಮನೆ ಮಲಗೋಕೆಷ್ಟು? ಕೇಳಿದರೆ ತಾನೆ ಗೊತ್ತಾಗೋದು! ಟಿಕೆಟ್ ಕೊಂಡವನನ್ನೇ ಬಂದವನೆಂದು ಲೆಕ್ಕ ಹಿಡಿದರೆ, ಗೇಟಿನಾಚೆ ನಿಂತವನ ಬೇಕುಬೇಡ ಯಾವ ಕಾಲಮ್ಮಿಗೂ ಬರೋದಿಲ್ಲ.

ಮಹಾಡದ ಕೆರೆ ಎಲ್ಲರದೂ ಅಂತ ಅಲ್ಲಿನ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ಆ ನೀರು ಮುಟ್ಟೋಕೆ 1927ರಲ್ಲಿ ಬಾಬಾಸಾಹೇಬರ ಜೊತೆ ಜನ ನಡೆದೇ ಹೋಗಬೇಕಾಯಿತು. ಕಾಗದದ ಮೇಲಿನ 'ಎಲ್ಲರೂ' ಅಂದರೆ ಇಷ್ಟೇ.

ಬೀದಿ ವ್ಯಾಪಾರಿಗಳ 2014ರ ಕಾಯ್ದೆಯಲ್ಲಿ ಪಟ್ಟಣ ಸಮಿತಿಯ ಕನಿಷ್ಠ ಶೇಕಡಾ 40 ಸ್ಥಾನ ವ್ಯಾಪಾರಿಗಳಿಗೇ ಇದೆ, ಅವರಲ್ಲಿ ದಲಿತರಿಗೂ ಹೆಂಗಸರಿಗೂ ಪಾಲುಂಟು. ಪಾರ್ಕಿನ ಯೋಜನೆಗೂ ಇಂಥದೇ ಸಮಿತಿ ಬೇಕು. ಪಾಲಿಕೆಗೆ ಅರ್ಜಿ ಬರೆಯೋಣ. ಮೊದಲ ಬೇಡಿಕೆ: ರಾತ್ರಿ ಒಂಬತ್ತರವರೆಗೆ ದೀಪ ಉರಿಯುವ ನಾಲ್ಕು ಬೆಂಚು.