ಮಂಜಿನೂರಿಗೆ ಐಸ್ ರಿಂಕ್ ಬೇಕಾ?

ಸಕಲೇಶಪುರದ ಹತ್ರ ಎಲ್ಲಾದ್ರೂ ಒಂದು ಸ್ನೋ ಪಾರ್ಕೋ ಐಸ್ ಸ್ಕೇಟಿಂಗ್ ರಿಂಕೋ ಆದ್ರೆ ಬೆಂಗಳೂರಿನೋರು ಮುಗಿಬೀಳ್ತಾರೆ ಅಂತ ನಮ್ಮ ಇಂಜಿನಿಯರಿಂಗ್ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ದೊಡ್ಡ ಚರ್ಚೆ. ಹೋಂಸ್ಟೇ ಬಂತು, ಜೀಪ್ ರೈಡ್ ಬಂತು, ಜಿಪ್‌ಲೈನ್ ಬಂತು, ಇನ್ನೇನು ಐಸ್ ಒಂದು ಬಾಕಿ. ನಾನು ಬೇಡ ಅಂದೆ. "ಲೋ, ನೀನು ಕೆನಡಾದಲ್ಲಿ ಕೂತು ವಾರ ವಾರ ಜಾರಾಡ್ತೀಯ, ನಮಗೆ ಮಾತ್ರ ಬೇಡ್ವಾ?" ಅಂತ ಒಬ್ಬ ಕಾಲೆಳೆದ. ಅಲ್ಲಿ ಟೈಪ್ ಮಾಡೋಕೆ ಉದ್ದ ಆಯ್ತು, ಅದಕ್ಕೇ ಇಲ್ಲಿ ಬರೀತಿದೀನಿ.

ಅವನು ಹೇಳಿದ್ದು ನಿಜ. ಟೊರಾಂಟೊದ ಸ್ಕಾರ್ಬರೋ ಕಡೆ ನಾನಿರೋ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ ಒಂದು ರಿಂಕ್ ಇದೆ. ಹೊರಗಿನಿಂದ ನೋಡಿದ್ರೆ ನಮ್ಮ ಹಾಸನದ ಕಾಫಿ ಗೋಡೌನ್ ಥರಾನೇ, ಯಾವ ಅಲಂಕಾರವೂ ಇಲ್ಲ. ಒಳಗೆ 200 ಅಡಿ ಉದ್ದ, 85 ಅಡಿ ಅಗಲದ ಐಸ್. ಬಾಗಿಲಲ್ಲಿ ಒಂದು ವೇಳಾಪಟ್ಟಿ: ಇಷ್ಟು ಹೊತ್ತು ಹಾಕಿ, ಇಷ್ಟು ಹೊತ್ತು ಮಕ್ಕಳ ಕ್ಲಾಸು, ಇಷ್ಟು ಹೊತ್ತು ವಯಸ್ಸಾದವರಿಗೆ, ಇಷ್ಟು ಹೊತ್ತು ಎಲ್ಲರಿಗೂ. ಈ ಕೊನೇದಕ್ಕೇ ಪಬ್ಲಿಕ್ ಸ್ಕೇಟಿಂಗ್ ಅನ್ನೋದು. ನೀನ್ಯಾರು, ಯಾವೂರು, ಯಾರ ಪೈಕಿ ಅಂತ ಯಾರೂ ಕೇಳಲ್ಲ.

ಎಲ್ಲರೂ ಒಂದೇ ದಿಕ್ಕಲ್ಲಿ ಸುತ್ತಬೇಕು, ಅದೂ ಎಡಕ್ಕೆ, ಗಡಿಯಾರಕ್ಕೆ ಉಲ್ಟಾ. ಅಮ್ಮ ನೋಡಿದ್ರೆ ಅಪ್ರದಕ್ಷಿಣೆ ಹಾಕ್ತೀಯಾ ಅಂತ ಬೈತಿದ್ಲು :) ಮೂರು ವರ್ಷದ ಮಗು, ಎಪ್ಪತ್ತರ ಅಜ್ಜ, ಗೋಡೆ ಹಿಡ್ಕೊಂಡು ತೆವಳೋ ನನ್ನಂಥ ಸಾಫ್ಟ್‌ವೇರ್ ದೇಹ, ಎಲ್ಲಾ ಒಂದೇ ಸುತ್ತಿನಲ್ಲಿ. ಚೆನ್ನಾಗಿ ಆಡೋರು ತಾವಾಗೇ ನಡುವಿಗೆ ಹೋಗ್ತಾರೆ, ಬೀಳೋರಿಗೆ ಅಂಚು. ಬಿದ್ರೆ ಗುರುತಿಲ್ಲದ ಕೈಯೊಂದು ಎಬ್ಬಿಸುತ್ತೆ, ಹೆಸರು ಹೇಳದೆ ಮುಂದಕ್ಕೆ ಹೋಗುತ್ತೆ.

ಜಾರೋದು ಮಲೆನಾಡಿನೋರಿಗೆ ಹೊಸದೇನಲ್ಲ ಬಿಡಿ. ಅಡಿಕೆ ಹಾಳೆ ಮೇಲೆ ಕೂತು ಎಳೆಸ್ಕೊಂಡವರು ನಾವು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಾಫಿ ಕಣದ ಮುಂದೆ ಯಾವ ಐಸೂ ಲೆಕ್ಕಕ್ಕಿಲ್ಲ. ಮಂಜಂತೂ ಊರಿನ ಹೆಸರಲ್ಲೇ ಇದೆ, ಕೋಟೆ ಮಂಜಲ್ಲಿ ಮುಳುಗಿದ್ದು ನೋಡಿ ಟಿಪ್ಪು ಮಂಜರಾಬಾದ್ ಅಂತ ಹೆಸರಿಟ್ಟ ಅಂತ ಕಥೆ ಹೇಳ್ತಾರಲ್ಲ.

ಆದ್ರೆ ಈ ಐಸ್ ಹುಟ್ಟೋ ರೀತಿ ನೋಡಿ. ಕಾಂಕ್ರೀಟ್ ನೆಲದೊಳಗೆ ಮೈಲುಗಟ್ಟಲೆ ಪೈಪು, ಪೈಪೊಳಗೆ ಸೊನ್ನೆಗಿಂತ 8-10 ಡಿಗ್ರಿ ಕೆಳಗಿನ ಉಪ್ಪುನೀರು, ಮೇಲೆ ಪದರ ಪದರವಾಗಿ ನೀರು ಹರಿಸಿ ಕಟ್ಟಿದ ಹೆಚ್ಚುಕಮ್ಮಿ ಒಂದಿಂಚು ಐಸ್. ಅಷ್ಟೇ. ನಡುನಡುವೆ ಎಲ್ಲರನ್ನೂ ಹೊರಗೆ ಕಳಿಸಿ ಒಂದು ಗಾಡಿ ಬಂದು ಮೇಲ್ಮೈ ಕೆರೆದು, ಬಿಸಿನೀರು ಸವರಿ ಕನ್ನಡಿ ಮಾಡಿ ಹೋಗುತ್ತೆ. ಇದನ್ನ ಕಂಡುಹಿಡಿದ ಫ್ರಾಂಕ್ ಜಾಂಬೋನಿ ಕ್ಯಾಲಿಫೋರ್ನಿಯಾದಲ್ಲಿ ಐಸ್ ಗಡ್ಡೆ ಮಾರ್ತಿದ್ದ. ಮನೆಮನೆಗೆ ಫ್ರಿಜ್ಜು ಬಂದು ವ್ಯಾಪಾರ ಬೀಳೋ ಹೊತ್ತಿಗೆ, 1940ರಲ್ಲಿ, ರಿಂಕ್ ಶುರು ಮಾಡಿದ. ಕೈಯಲ್ಲಿ ಐಸ್ ಹದ ಮಾಡೋಕೆ ಗಂಟೆ ಮೇಲಾಗ್ತಿತ್ತು ಅಂತ 1949ರಲ್ಲಿ ಈ ಗಾಡಿ ಕಟ್ಟಿದ. ಅದರ ಡ್ರೈವರ್‌ಗೆ ಮಕ್ಕಳೆಲ್ಲ ಗಾಜಿಗೆ ಮೂಗು ಒತ್ತಿ ಟಾಟಾ ಮಾಡ್ತಾರೆ, ನಾನೂ ಮಾಡ್ತೀನಿ.

ಇದಕ್ಕೆಲ್ಲ ಸುರಿಯೋ ಕರೆಂಟು ಎಷ್ಟು ಅಂತ ಯೋಚಿಸಿ. ಡೆಹ್ರಾಡೂನ್‌ನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಕಟ್ಟಿದ ಒಳಾಂಗಣ ರಿಂಕ್ ಹತ್ತು ವರ್ಷಕ್ಕೂ ಹೆಚ್ಚು ಬಾಗಿಲು ಹಾಕಿತ್ತು, ಮತ್ತೆ ಬಳಕೆಗೆ ಬಂದಿದ್ದು 2025ರಲ್ಲಿ. ಶಿಮ್ಲಾದವರದ್ದು 1920ರಿಂದ ನಡೀತಿರೋದು ನಿಜ, ಆದ್ರೆ ಅದು ಚಳಿಗೆ ತಾನಾಗೇ ಕಟ್ಟೋ ಐಸ್. ಮಳೆ ಬಂದ್ರೆ ಕಂಬ ಬಿದ್ದು ಮೂರು ದಿನ ಕತ್ತಲಾಗೋ ನಮ್ಮೂರಲ್ಲಿ ಐಸ್ ಕಟ್ಟೋದು ತಮಾಷೆ.

ಹಾಗಾದ್ರೆ ನನ್ನ ತಕರಾರು ಬರೀ ಕರೆಂಟಿನದಾ? ಅಲ್ಲ. ಗುಂಪಿನಲ್ಲಿ ಯಾರೂ ನಮ್ಮ ಮಕ್ಕಳು ಆಡಲಿ ಅಂತ ರಿಂಕ್ ಕೇಳಲಿಲ್ಲ. ಬಂದುಹೋಗೋರಿಗಂತ ಕೇಳಿದ್ರು. ಜಗತ್ತಿನ ಮೊದಲ ಕೃತಕ ಐಸ್ ರಿಂಕ್ ಲಂಡನ್ನಿನಲ್ಲಿ 1876ರಲ್ಲಿ ಶುರುವಾದಾಗ ಅದೂ ದುಡ್ಡಿದ್ದ ಸದಸ್ಯರಿಗೆ ಮಾತ್ರ ಇತ್ತು. ನಮ್ಮ ಗುಡ್ಡಗಳಲ್ಲೂ ಆಟ ಶುರುವಾಗಿದ್ದು ಹಾಗೇ. ಸಕಲೇಶಪುರದ ಮಂಜರಾಬಾದ್ ಕ್ಲಬ್ 1893ರದ್ದು, ಪ್ಲಾಂಟರುಗಳ ಕ್ಲಬ್ಬು. ಕ್ಲಬ್ಬು ಸದಸ್ಯರಿಗೆ ಇರೋದು, ಅದರಲ್ಲಿ ತಪ್ಪೇನೂ ಇಲ್ಲ. ಆದ್ರೆ ಅದಾಗಿ ಎಷ್ಟೋ ವರ್ಷದ ಮೇಲೆ ಬಂದದ್ದು ರೆಸಾರ್ಟು, ಅದು ಗೆಸ್ಟ್‌ಗಳಿಗೆ. ಇವೆರಡರ ನಡುವೆ, ಲೈನ್ ಮನೆಯ ಹುಡುಗಿ ಜೂನ್‌ನಿಂದ ಸೆಪ್ಟೆಂಬರ್ ತನಕ ಎಲ್ಲಿ ಆಡ್ಬೇಕು?

ನಿಮಗೆ ನಮ್ಮ ಕಡೆ ಮಳೆ ಗೊತ್ತಿಲ್ಲದಿದ್ರೆ ಹೇಳ್ತೀನಿ. ಆಲೂರು ಪೇಟೆಯಲ್ಲಿ ಅಷ್ಟಿಲ್ಲ, ಪಶ್ಚಿಮಕ್ಕೆ ಹೋದಹಾಗೆ ಜಾಸ್ತಿ, ಬಿಸಿಲೆ ಕಡೆಯಂತೂ ಕೇಳಲೇಬೇಡಿ. ಶಾಲೆ ಮೈದಾನ ಕೆಸರು ಗದ್ದೆ. ಮಳೆ ಬಿಟ್ಟ ಮೇಲೆ ಆಡೋಣ ಅಂದ್ರೆ ಆನೆ. ಸಂಜೆ ಬೆಳಕಿರುವಾಗ್ಲೇ ಮನೆ ಸೇರಬೇಕು, ತೋಟದ ದಾರಿಯಲ್ಲಿ ಒಬ್ಬರೇ ಹೋಗೋ ಹಾಗಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಮಕ್ಕಳು ಒಳಗೇ. ಮೊಬೈಲು ಹಿಡಿದ್ರೆ ಬೈಯ್ತೀವಿ, ಹಿಡಿಯದೆ ಏನ್ಮಾಡ್ಬೇಕು ಅಂತ ಹೇಳಲ್ಲ.

ಟೊರಾಂಟೊದವರಿಗೆ ನಾಲ್ಕು ತಿಂಗಳು ಚಳಿ, ನಮಗೆ ನಾಲ್ಕು ತಿಂಗಳು ಮಳೆ. ಅವರು ಸೂರು ಕಟ್ಟಿ ವೇಳಾಪಟ್ಟಿ ಅಂಟಿಸಿದ್ರು. ನಾವು ಸೂರು ಕಟ್ಟಿ ಬೀಗ ಹಾಕಿದ್ವಿ. ಹೌದು, ಸೂರು ಇದೆ! ಹೋಬಳಿ ಕಡೆ ಸುತ್ತಾಡಿ ನೋಡಿ, ಸಮುದಾಯ ಭವನ ಇಲ್ಲದ ಊರು ಸಿಗೋದು ಕಷ್ಟ. ಮದುವೆ, ತಿಥಿ, ಎಲೆಕ್ಷನ್ ಬಿಟ್ರೆ ಒಳಗಿರೋದು ಪ್ಲಾಸ್ಟಿಕ್ ಕುರ್ಚಿ ಮತ್ತು ಬಾವಲಿ. ನಮ್ಮೂರಿನ ಭವನದ ಬೀಗದ ಕೈ ಯಾರ ಮನೇಲಿದೆ ಅಂತ ನಾನು ಹೋದ ರಜೆಯಲ್ಲಿ ಮೂರು ಜನರನ್ನ ಕೇಳಿದೆ, ಮೂರು ಉತ್ತರ ಬಂತು.

ಆ ಸಿಮೆಂಟ್ ನೆಲ ಸಾಕು. ಶಟಲ್, ಕಬಡ್ಡಿ, ಬೇಕಿದ್ರೆ ಚಕ್ರದ ಸ್ಕೇಟ್ಸು. ಬೆಳಗಾವಿಯ ಮಕ್ಕಳು ರೋಲರ್ ಸ್ಕೇಟಿಂಗ್‌ನಲ್ಲಿ ದಾಖಲೆ ಮಾಡಿದ್ದು ಐಸ್ ಮೇಲಲ್ಲವಲ್ಲ. ಹತ್ತು ಜೊತೆ ಬೂಟು ಪಂಚಾಯ್ತಿ ಕಪಾಟಿನಲ್ಲಿದ್ರೆ ಊರಿನ ಮಕ್ಕಳೆಲ್ಲ ಸರದಿಯಲ್ಲಿ ಕಲೀತಾರೆ.

"ಯಾರು ನೋಡ್ಕೋತಾರೆ? ಕಿಟಕಿ ಒಡೆದ್ರೆ?" ಅಂತ ಗುಂಪಿನಲ್ಲಿ ಕೇಳೇ ಕೇಳ್ತಾರೆ. ಸರಿಯಾದ ಪ್ರಶ್ನೆ. ಇಲ್ಲಿ ಅದಕ್ಕಂತ ಸಂಬಳದ ಜನ ಇದ್ದಾರೆ, ನಮ್ಮಲ್ಲಿ ಪುಕ್ಕಟೆ ಉತ್ಸಾಹಿಗಳ ಮೇಲೆ ಬಿಟ್ರೆ ಎರಡನೇ ತಿಂಗಳಿಗೇ ಬೀಗ ಬೀಳುತ್ತೆ. ಹಾಗಾಗಿ ಊರಿನ ಒಬ್ಬರಿಗೆ ದಿನಕ್ಕೆ ಎರಡು ಗಂಟೆಯ ಕೂಲಿ ಕೊಡ್ಲೇಬೇಕು. ಮದುವೆ ಬಾಡಿಗೆಯಲ್ಲೇ ಅದು ಹುಟ್ಟುತ್ತೆ ಅನ್ನೋದು ನನ್ನ ಲೆಕ್ಕ, ತಪ್ಪಿದ್ರೆ ಊರಲ್ಲಿರೋರು ತಿದ್ದಿ. ಸಮಯವನ್ನೂ ಇಲ್ಲಿನ ಥರ ರಾತ್ರಿವರೆಗೆ ಇಡೋಕಾಗಲ್ಲ, ಆನೆ ಇದೆ. ಶಾಲೆ ಬಿಟ್ಟ ಮೇಲೆ ನಾಲ್ಕೂಕಾಲಿಂದ ಐದೂವರೆ. ಬುಧವಾರ ಮತ್ತು ಶನಿವಾರ ಹುಡುಗಿಯರಿಗೆ ಮೊದಲು, ಇಲ್ಲಾಂದ್ರೆ ದೊಡ್ಡ ಹುಡುಗರು ಕ್ರಿಕೆಟ್ ಬ್ಯಾಟ್ ಹಿಡ್ಕೊಂಡು ಪೂರ್ತಿ ಆಕ್ರಮಿಸ್ತಾರೆ.