ಎಂಡೋಸಲ್ಫಾನ್: ಪಟ್ಟಿಗೆ ಸೇರದ ಹಾನಿ

ಮಾನ್ಯ ಸಂಪಾದಕರಿಗೆ,

ಎಂಡೋಸಲ್ಫಾನ್ ಎಂಬ ಕೀಟನಾಶಕದ ಸಂತ್ರಸ್ತರ ಪಟ್ಟಿ ಸಿದ್ಧವಾಗಿದೆ, ಪಟ್ಟಿಯಲ್ಲಿರುವವರಿಗೆ ಮಾಸಾಶನ ಸಲ್ಲುತ್ತಿದೆ, ಆದಕಾರಣ ಈ ಪ್ರಕರಣವು ಮುಗಿದಂತೆಯೇ ಸರಿ ಎಂಬ ಮಾತು ನಮ್ಮ ಜಿಲ್ಲೆಯ ಸಭೆಗಳಲ್ಲಿಯೂ ಸುಶಿಕ್ಷಿತರ ಸಂಭಾಷಣೆಯಲ್ಲಿಯೂ ಈಚೆಗೆ ಮೇಲಿಂದ ಮೇಲೆ ಕೇಳಿಬರುತ್ತಿದೆ. ಈ ಮಾತನ್ನು ನಾನು ಒಪ್ಪಲಾರೆನು; ಒಪ್ಪದಿರುವುದರ ಕಾರಣವನ್ನು ತಮ್ಮ ಪತ್ರಿಕೆಯ ಮುಖಾಂತರ ವಾಚಕರಲ್ಲಿ ನಿವೇದಿಸಲು ಅವಕಾಶ ಕೊಡಬೇಕಾಗಿ ಪ್ರಾರ್ಥಿಸುತ್ತೇನೆ.

ಗೇರುಮರದ ಚಿಗುರನ್ನೂ ಹೂವನ್ನೂ ಹೀರಿ ಒಣಗಿಸುವ ಟೀ ಸೊಳ್ಳೆಯೆಂಬ ಕೀಟದ ನಿವಾರಣೆಗೆಂದು, 1980ರ ದಶಕದಿಂದ ಸುಮಾರು ಎರಡು ದಶಕಗಳ ಪರ್ಯಂತ, ಗೇರು ನೆಡುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸಿಂಪಡಿಸಿದ ಸಂಗತಿಯು ದಕ್ಷಿಣ ಕನ್ನಡದವರಿಗೆ ಹೇಗೋ ಹಾಗೆ ಉತ್ತರ ಕನ್ನಡದ ಕರಾವಳಿಯವರಾದ ನಮಗೂ ಹೊಸದಲ್ಲ. ಕಾಸರಗೋಡಿನ ಕನ್ನಡನಾಡಾದ ಎಣ್ಮಕಜೆಯ ಪಡ್ರೆಯಲ್ಲಿ ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನಕುಮಾರರೂ ಪತ್ರಕರ್ತರಾದ ಶ್ರೀಪಡ್ರೆಯವರೂ ಎತ್ತಿದ ಧ್ವನಿಯು ದೇಶದ ಕಿವಿಗೆ ಮುಟ್ಟಿ, ಕೊನೆಗೆ 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಈ ವಿಷದ ಉತ್ಪಾದನೆಯನ್ನೂ ಮಾರಾಟವನ್ನೂ ದೇಶಾದ್ಯಂತ ತಡೆಯಿತು. ಇದು ಎಲ್ಲರೂ ಬಲ್ಲ ಚರಿತ್ರೆ. ಆದರೆ ಅದೇ ಪಡ್ರೆಯಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೆನೆಯುವವರು ವಿರಳ. ಸಿಂಪಡಣೆಯ ಪ್ರದೇಶದ 117 ಮಂದಿ ಶಾಲಾ ಬಾಲಕರನ್ನು ಸಿಂಪಡಣೆಯಿಲ್ಲದ ಊರಿನ 90 ಮಂದಿ ಬಾಲಕರೊಡನೆ ಹೋಲಿಸಿದಾಗ, ಮೊದಲಿನವರ ರಕ್ತದಲ್ಲಿ ವಿಷದ ಅಂಶವು ಅಧಿಕವಾಗಿಯೂ, ಅವರು ಪ್ರಾಯಕ್ಕೆ ಬರುವುದು ವಿಳಂಬವಾಗಿಯೂ ಕಂಡುಬಂದಿತು. ಇವರು ಹಾಸಿಗೆ ಹಿಡಿದವರಲ್ಲ, ದಿನವೂ ಶಾಲೆಗೆ ನಡೆದು ಹೋಗುತ್ತಿದ್ದ ಹುಡುಗರು ಎಂಬುದನ್ನು ವಾಚಕರು ಗಮನಿಸಬೇಕು.

ನಮ್ಮ ಮಾಸಾಶನದ ವ್ಯವಸ್ಥೆಯಾದರೋ ಅಂಗವೈಕಲ್ಯದ ಶೇಕಡಾವಾರಿನ ಮೇಲೆ ನಿಂತಿದೆ. ಈ ಶೇಕಡಾವಾರನ್ನು ಅಳೆಯುವ ಒಂದು ತಪಾಸಣಾ ಶಿಬಿರದಲ್ಲಿ ನಮ್ಮ ಪರಿಚಯದ ಒಬ್ಬ ಯುವಕನು ಕೈ ಎತ್ತೆಂದಾಗ ಎತ್ತಿದನು, ಕುಕ್ಕರಿಸೆಂದಾಗ ಕುಕ್ಕರಿಸಿದನು, ಹೆಸರು ಕೇಳಿದಾಗ ಸ್ಪಷ್ಟವಾಗಿ ಹೇಳಿದನು; ನಿಗದಿಯಾದ ಪ್ರಮಾಣಕ್ಕೆ ಅವನ ಊನವು ಮುಟ್ಟಲಿಲ್ಲವೆಂಬ ಕಾಗದವನ್ನು ಹಿಡಿದು ತಾಯಿಯೊಡನೆ ಮನೆಗೆ ಮರಳಿದನು. ಅಂಗಡಿಯಲ್ಲಿ ನೂರು ರೂಪಾಯಿಯ ನೋಟು ಕೊಟ್ಟರೆ ಮರಳಿ ಬರಬೇಕಾದ ಚಿಲ್ಲರೆ ಎಷ್ಟೆಂಬುದು ಅವನಿಗೆ ಈಗಲೂ ತಿಳಿಯದು. ಹೆಲಿಕಾಪ್ಟರು ಗುಡ್ಡದ ಮೇಲೆ ಸುತ್ತುತ್ತಿದ್ದ ದಿನಗಳಲ್ಲಿ ತೆಂಗಿನ ಮಡಲು ಹೊದಿಸಿದ ಬಾವಿಯಿಂದಲೇ ನೀರು ಸೇದಿ ಕುಡಿದ ಆ ತಾಯಿಯು ಆಗ ಗರ್ಭಿಣಿಯಾಗಿದ್ದಳು. ಅವನ ಮಂದಬುದ್ಧಿಗೆ ವಿಷವೇ ಕಾರಣವೆಂದು ಯಾವ ವೈದ್ಯನೂ ಪ್ರಮಾಣಮಾಡಿ ಹೇಳಲಾರನು, ಕಾರಣವಲ್ಲವೆಂದೂ ಹೇಳಲಾರನು. ಒಬ್ಬೊಬ್ಬನನ್ನು ಪ್ರತ್ಯೇಕವಾಗಿ ನಿಲ್ಲಿಸಿ ಪರೀಕ್ಷಿಸುವ ಕ್ರಮದಿಂದ ಈ ಪ್ರಶ್ನೆಗೆ ಉತ್ತರವೇ ದೊರೆಯದು.

ಉತ್ತರ ದೊರೆಯುವ ಮಾರ್ಗವನ್ನು ತೋರಿಸಿದವರು ಅರ್ಥಶಾಸ್ತ್ರಜ್ಞರು. ಅಮೆರಿಕದ ಡಗ್ಲಸ್ ಆಲ್ಮಂಡ್ ಎಂಬವರು 1918ರ ಇನ್‌ಫ್ಲುಯೆಂಜಾ ಮಹಾಮಾರಿಯ ಕಾಲದಲ್ಲಿ ತಾಯ ಗರ್ಭದಲ್ಲಿದ್ದವರನ್ನು, ಅವರಿಗಿಂತ ಸ್ವಲ್ಪ ಮುಂಚೆಯೂ ಸ್ವಲ್ಪ ಅನಂತರವೂ ಜನಿಸಿದವರೊಡನೆ, 1960ರಿಂದ 1980ರವರೆಗಿನ ಜನಗಣತಿಗಳ ಆಧಾರದಿಂದ ಹೋಲಿಸಿ, ಆ ಒಂದು ಪೀಳಿಗೆಯ ವಿದ್ಯೆಯೂ ಆದಾಯವೂ ಕುಗ್ಗಿ ಅಂಗವೈಕಲ್ಯವು ಹೆಚ್ಚಿದ್ದುದನ್ನು 2006ರಲ್ಲಿ ಪ್ರಕಟಿಸಿದರು. ಇದಕ್ಕಿಂತಲೂ ನಮಗೆ ಸಮೀಪವಾದುದು, ಅವರು ಲೀನಾ ಎಡ್ಲುಂಡ್ ಮತ್ತು ಮಾರ್ಟೆನ್ ಪಾಲ್ಮೆ ಅವರೊಡಗೂಡಿ 2009ರಲ್ಲಿ ಹೊರತಂದ ಸಂಶೋಧನೆ. 1986ರ ಏಪ್ರಿಲಿನಲ್ಲಿ ಚೆರ್ನೋಬಿಲ್ ಅಣುಸ್ಥಾವರವು ಸ್ಫೋಟಿಸಿದಾಗ ವಿಕಿರಣದ ಧೂಳು ಗಾಳಿಯೊಡನೆ ಸ್ವೀಡನ್ನಿಗೂ ಹೋಗಿ, ಮಳೆ ಬಂದ ಪ್ರದೇಶಗಳಲ್ಲಿ ಹೆಚ್ಚಾಗಿಯೂ ಉಳಿದೆಡೆ ಕಡಿಮೆಯಾಗಿಯೂ ನೆಲಕ್ಕಿಳಿಯಿತು. ಆಗ ಗರ್ಭದಲ್ಲಿದ್ದ ಮಕ್ಕಳ ಆರೋಗ್ಯದ ದಾಖಲೆಗಳಲ್ಲಿ ಯಾವ ಹಾನಿಯೂ ಕಾಣಲಿಲ್ಲ; ಆದರೆ ಹೆಚ್ಚು ಧೂಳು ಬಿದ್ದ ಪ್ರದೇಶಗಳ ಮಕ್ಕಳು ಮುಂದೆ ಪ್ರೌಢಶಾಲೆಯಲ್ಲಿ, ವಿಶೇಷವಾಗಿ ಗಣಿತದಲ್ಲಿ, ಹಿಂದುಳಿದರು. ತಂದೆತಾಯಿಗಳಿಗೆ ವಿದ್ಯೆ ಕಡಿಮೆಯಿದ್ದ ಮನೆಗಳಲ್ಲಿ ಈ ಹಾನಿಯು ಇನ್ನೂ ತೀವ್ರವಾಗಿದ್ದಿತು. ವೈದ್ಯರ ಕಣ್ಣಿಗೆ ಬೀಳದ ಪೆಟ್ಟು ಗಣಿತದ ಅಂಕಪಟ್ಟಿಯಲ್ಲಿ ಬಿದ್ದಿತು. ವಿಕಿರಣವೂ ಎಂಡೋಸಲ್ಫಾನೂ ಒಂದೇ ಅಲ್ಲವೆಂಬುದು ನಿಜ. ಆದರೂ ಅಲ್ಲಿ ಅನುಸರಿಸಿದ ವಿಧಾನವನ್ನು ಇಲ್ಲಿ ಅನುಸರಿಸಲು ಯಾವ ಅಡ್ಡಿಯೂ ಇಲ್ಲ. ತೋಪಿನ ಅಂಚಿನಲ್ಲಿ ಕೂಲಿ ಮಾಡಿ ಬದುಕಿದ ನಮ್ಮ ಮನೆಗಳಲ್ಲಿ ಆ ಪೆಟ್ಟು ಎಷ್ಟಾಗಿದ್ದೀತೆಂಬುದನ್ನು ಲೆಕ್ಕಹಾಕಿದವರು ಯಾರು?

ಲೆಕ್ಕಹಾಕುವ ದಾರಿ ಇಲ್ಲದಿಲ್ಲ. ಸಿಂಪಡಣೆಯು ವರ್ಷವಿಡೀ ನಡೆಯುತ್ತಿರಲಿಲ್ಲ. ಚಿಗುರು, ಹೂವು, ಎಳೆಗಾಯಿಗಳ ಋತುವಿನಲ್ಲಿ ನಡೆಯುತ್ತಿತ್ತು. ಆದುದರಿಂದ ಯಾವ ಮಗುವು ಆ ವಾರಗಳಲ್ಲಿ ಗರ್ಭದ ಮೊದಲರ್ಧದಲ್ಲಿದ್ದಿತು, ಯಾವುದು ಇರಲಿಲ್ಲ ಎಂಬುದನ್ನು ಜನ್ಮತಿಂಗಳಿನಿಂದ ತಿಳಿಯಬಹುದು. ಮನೆಯು ತೋಪಿನಿಂದ ಎಷ್ಟು ದೂರವೆಂಬುದನ್ನು ಸರ್ವೆ ನಂಬರಿನಿಂದ ತಿಳಿಯಬಹುದು. ಮುಂದೆ ಏನಾಯಿತೆಂಬುದನ್ನು ಎಸ್ಸೆಸ್ಸೆಲ್ಸಿ ಮಂಡಳಿಯ ಅಂಕಗಳಿಂದ ತಿಳಿಯಬಹುದು. ಇಲ್ಲೊಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು: ಹಳ್ಳಿಯ ಶಾಲೆಗಳಲ್ಲಿ ಜನ್ಮದಿನ ತಿಳಿಯದ ಮಕ್ಕಳಿಗೆಲ್ಲ ಜೂನ್ 1 ಎಂದು ಬರೆದುಕೊಳ್ಳುವ ರೂಢಿಯಿದ್ದುದರಿಂದ ಶಾಲಾ ದಾಖಲಾತಿ ಪುಸ್ತಕವೊಂದನ್ನೇ ನಂಬಿದರೆ ಲೆಕ್ಕ ಕೆಡುತ್ತದೆ, ಜನನ-ಮರಣ ನೋಂದಣಿ ಪುಸ್ತಕವನ್ನೂ ದಾದಿಯರ ದಾಖಲೆಗಳನ್ನೂ ಅದರೊಡನೆ ತಾಳೆ ನೋಡಬೇಕು. ಹಳೆಯ ಕಚೇರಿಗಳ ಕಾಗದಗಳು ಗೆದ್ದಲಿಗೂ ಮಳೆಗಾಲದ ತೇವಕ್ಕೂ ಸಿಕ್ಕಿ ನಾಶವಾಗುತ್ತಿರುವುದರಿಂದ ಇದು ಇಂದೇ ಆಗಬೇಕಾದ ಕಾರ್ಯ.

ಡಾ. ವಿ. ಕೆ. ಆರ್. ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಂತಹ ಸಮರ್ಥ ಸಂಸ್ಥೆಯು ನಮ್ಮ ರಾಜ್ಯದಲ್ಲಿಯೇ ಇರುವಾಗ ಹೊರಗಿನವರನ್ನು ಕಾಯಬೇಕಾದುದಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ನೆಡುತೋಪುಗಳ ಸುತ್ತ 1980ರಿಂದ ಈಚೆಗೆ ಜನಿಸಿದವರೆಲ್ಲರ ವಿಷಯದಲ್ಲಿ ಇಂಥ ಅಧ್ಯಯನವನ್ನು ಸರಕಾರವು ನಡೆಯಿಸಬೇಕೆಂದೂ, ಸಿಂಪಡಣೆಯ ದಿನ, ಸ್ಥಳ, ಪ್ರಮಾಣಗಳ ದಾಖಲೆಗಳನ್ನು ರಾಜ್ಯದ ಗೇರು ಅಭಿವೃದ್ಧಿ ನಿಗಮವು ಸಂಶೋಧಕರಿಗೆ ತೆರೆದಿಡಬೇಕೆಂದೂ, ಅದು ಮುಗಿಯುವ ತನಕ ಸಂತ್ರಸ್ತರ ಪಟ್ಟಿಯನ್ನು ಮುಚ್ಚಬಾರದೆಂದೂ ಸಂಬಂಧಪಟ್ಟ ಸಚಿವರನ್ನೂ ಜಿಲ್ಲಾಧಿಕಾರಿಗಳನ್ನೂ ಒತ್ತಾಯಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓದುಗನೊಬ್ಬ
ಕಾಯ್ಕಿಣಿ, ಭಟ್ಕಳ ತಾಲೂಕು